ಮಾವನ 'ಸಾಮಾನು ಇಡುವ ಜಾಗ'

ನನ್ನ ಸೋದರಮಾವನಿಗೆ ಮನುಷ್ಯರಿಗಿಂತ ಸೋಫಾಗಳ ಪರಿಚಯವೇ ಹೆಚ್ಚು ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ, ನಮ್ಮ ಮನೆಯಲ್ಲಿ ಎಲ್ಲರೂ ನಕ್ಕವರೇ. ಮದುವೆಮನೆಯಲ್ಲಿ ಯಾರಾದರೂ ಎದುರಾಗಿ ನಮಸ್ಕಾರ ಅಂದರೆ ಮಾವ ಹೆಸರು ನೆನಪಾಗದೆ ತಲೆ ಕೆರೆದುಕೊಳ್ಳುತ್ತಾರೆ. ಆಮೇಲೆ ಮುಖವರಳಿ, "ಓ! ಬೀಟೆ ಮರದ ಡ್ರೆಸ್ಸಿಂಗ್ ಟೇಬಲ್ ಅಲ್ವಾ ನೀವು?" ಎನ್ನುತ್ತಾರೆ. ರೇಷ್ಮೆ ಸೀರೆ ಉಟ್ಟು ನಿಂತ ಆ ಹೆಂಗಸಿನ ಗತಿ ಏನಾಗಬೇಕು?

ಅಕ್ಕಿಪೇಟೆಯಲ್ಲಿ ತಾತನ ಕಾಲದ ಅಕ್ಕಿ ಮಂಡಿಯೊಂದಿತ್ತು. ವ್ಯಾಪಾರವೆಲ್ಲ ಊರಾಚೆಯ ಯಾರ್ಡಿಗೆ ಹೋದಮೇಲೆ ಆ ಗೋಡೌನಿನಲ್ಲಿ ಉಳಿದದ್ದು ಇಲಿಗಳು ಮತ್ತು ಮದುವೆಯಾಗದ ಮಾವ. ಆಗ ಬಸವನಗುಡಿಯ ಪರಿಚಿತರೊಬ್ಬರು ಮನೆ ಒಡೆಸಿ ಕಟ್ಟಿಸಲು ಹೊರಟು, ಮಂಚ, ಬೀರುಗಳನ್ನು ತಂದು ಇಳಿಸಿದರು. ಅವರ ಪಕ್ಕದವರೂ ತಂದರು. ಹಳೇ ಮನೆಗಳೆಲ್ಲ ಅಪಾರ್ಟ್‌ಮೆಂಟ್ ಆಗುತ್ತಿದ್ದ ಕಾಲ. ಮನೆಯವರೇನೋ ಬಾಡಿಗೆ ಮನೆಯಲ್ಲಿ ಹೇಗೋ ತೂರಿಕೊಂಡರು, ಅಜ್ಜಿಯ ಕಾಲದ ಮಂಚ ತೂರಿಕೊಳ್ಳಬೇಕಲ್ಲ! ಮಾವ ಗೋಡೌನನ್ನು ಸಣ್ಣ ಸಣ್ಣ ಕೋಣೆಗಳಾಗಿ ಅಡ್ಡಗಟ್ಟಿಸಿ, ಒಂದೊಂದಕ್ಕೂ ಶಟರ್ ಹಾಕಿಸಿದರು. ಅದು ತುಂಬಿತು. ಚಾಮರಾಜಪೇಟೆಯಲ್ಲಿ ಇನ್ನೊಂದು ಹಿಡಿದರು. ಅದೂ ತುಂಬಿತು. ಮೂರನೆಯದು ಕಲಾಸಿಪಾಳ್ಯದಲ್ಲಿ. ಇದಕ್ಕೀಗ ಸೆಲ್ಫ್ ಸ್ಟೋರೇಜ್ ಎಂಬ ದೊಡ್ಡ ಹೆಸರಿದೆಯಂತೆ. ಮಾವ ಮಾತ್ರ ಬೋರ್ಡಿನ ಮೇಲೆ 'ಸಾಮಾನು ಇಡುವ ಜಾಗ' ಎಂದು ಬರೆಸಿದರು.

ಬೋರ್ಡು ಹಾಕಿದ ದಿನವೇ ಒಬ್ಬ ಮುದುಕರು ಚೀಲ ಹಿಡಿದು ಬಂದರು. "ಅರ್ಧ ಕೆಜಿ ತೊಗರಿಬೇಳೆ ಕೊಡಪ್ಪ."

"ಕೊಡೋದಿಲ್ಲ ಯಜಮಾನ್ರೇ. ನೀವೇ ತಂದ್ರೆ ಇಟ್ಕೋತೀನಿ."

"ನಿಂಗ್ಯಾಕಪ್ಪ ನಾನು ಬೇಳೆ ತಂದ್ಕೊಡ್ಲಿ?" ಎಂದು ಮುದುಕರು ಬೈದುಕೊಂಡು ಹೋದರು!

ಇನ್ನೊಮ್ಮೆ ಗಂಡ ಹೆಂಡತಿ ಜಗಳವಾಡಿ ಬೇರೆಯಾಗಿ, ಬೇರೆ ಬೇರೆ ದಿನ ಬಂದು ಬೇರೆ ಬೇರೆ ಕೋಣೆ ಹಿಡಿದರು. ಮಂಚ ಅವನ ಪಾಲು, ಹಾಸಿಗೆ ಇವಳ ಪಾಲು. ಮಾವನಿಗೆ ಸಹಿಸಲಾಗಲಿಲ್ಲ. ಇಬ್ಬರಿಗೂ ಫೋನ್ ಮಾಡಿ, "ಗೋಡೆ ಒದ್ದೆ ಆಗ್ತಿದೆ, ಬಂದು ನೋಡ್ಬಿಡಿ" ಎಂದು ಒಂದೇ ಹೊತ್ತಿಗೆ ಕರೆಸಿದರು. ಗೋಡೆ ಒಣಗಿ ಖಣಖಣ ಎನ್ನುತ್ತಿತ್ತು. "ಏನ್ರೀ, ನಮ್ಮನ್ನೇನು ಬಕ್ರಾ ಮಾಡ್ತೀರಾ?" ಎಂದು ಇಬ್ಬರೂ ಸೇರಿ ಮಾವನಿಗೆ ಉಗಿದರು. ಉಗಿಯುತ್ತಲೇ ಒಂದೇ ಆಟೋ ಹತ್ತಿದರು. ಮುಂದಿನ ವಾರ ಎರಡು ಕೋಣೆ ಖಾಲಿ!

"ಹಿಂಗೆ ಮಾಡಿದ್ರೆ ವ್ಯಾಪಾರ ಉಳಿಯತ್ತಾ ಮಾವ?" ಎಂದೆ.

"ಮಂಚ ಒಂದೇ ಇದ್ರೆ ನೋಡಕ್ಕಾಗಲ್ಲ ಕಣೇ," ಎಂದರು.

ಊರಿನ ಅರ್ಧ ಸಂಸಾರ ತುಂಬಿಟ್ಟುಕೊಂಡ ಈ ಮನುಷ್ಯನ ಸಂಸಾರ ಎಷ್ಟು? ಚಾಮರಾಜಪೇಟೆಯ ಗೋಡೌನಿನ ಮೇಲೆ ಒಂದು ರೂಮು, ಒಂದು ಟ್ರಂಕು, ಎರಡು ತಟ್ಟೆ. ಎರಡನೆಯದು ಯಾರಿಗೆ ಎಂದು ಅಮ್ಮ ಆಸೆಯಿಂದ ಕೇಳಿದರೆ, "ಮುಚ್ಚೋಕೆ" ಎಂದಿದ್ದರು. ಮಾವ ಯಾರ ಮನೆಗೂ ಹೋಗುವವರಲ್ಲ. ಕರೆದರೆ, ಶಟರ್ ಬಿಟ್ಟು ಹೇಗೆ ಬರಲಿ ಎನ್ನುವರು.

ಮಲ್ಲೇಶ್ವರದ ಟೀಚರಮ್ಮ ಬಂದದ್ದು ಹೀಗಿದ್ದಾಗ. ರಿಟೈರಾದವರು, ಒಂಟಿ. ಅವರ ಮನೆಯೂ ಅಪಾರ್ಟ್‌ಮೆಂಟ್ ಆಗುತ್ತಿತ್ತು. ಅಲ್ಲಿಯವರೆಗೆ ಅವರು ತಂಗಿಯ ಮನೆಯಲ್ಲಿ, ಸಾಮಾನು ನಮ್ಮಲ್ಲಿ. ಪ್ರತಿ ಗುರುವಾರ ಮಧ್ಯಾಹ್ನ ಬಂದು ಶಟರ್ ಎತ್ತಿಸಿ, ತಮ್ಮ ಬೀರುವಿನೆದುರು ತಮ್ಮ ಬೆತ್ತದ ಕುರ್ಚಿಯಲ್ಲಿ ಕೂತು ಪೇಪರ್ ಓದುವರು. ಮಾವ ಫ್ಲಾಸ್ಕಿನಲ್ಲಿ ಕಾಫಿ ತಂದುಕೊಟ್ಟು, ಶಟರಿನ ಹೊರಗೆ ಸ್ಟೂಲ್ ಹಾಕಿಕೊಂಡು ಕೂರುವರು. ಇಬ್ಬರೂ ಹೆಚ್ಚು ಮಾತಾಡಿದ್ದನ್ನು ನಾನು ಕಾಣೆ.

"ಕಾಫಿ ಎಲ್ಲಾ ಗಿರಾಕಿಗೂ ಉಂಟಾ ಮಾವ?" ಎಂದು ಕೆಣಕಿದೆ.

"ಬೇರೆಯವರು ಇಟ್ಟು ಹೋಗ್ತಾರೆ. ಇವರೊಬ್ರು ನೋಡೋಕೆ ಬರ್ತಾರೆ," ಎಂದರು ಮಾವ.

ಕೊನೆಗೆ ಅವರ ಫ್ಲ್ಯಾಟು ಸಿದ್ಧವಾಯಿತು. ಲಾರಿ ಬಂದ ದಿನ ಮಾವ ತಾವೇ ನಿಂತು ಹಗ್ಗ ಬಿಗಿಸಿದರು. ಟೀಚರಮ್ಮ ಕೈಮುಗಿದು ಹೋದರು. ಮುಂದಿನ ಗುರುವಾರ ನಾನು ಹೋದಾಗ ಆ ಕೋಣೆಯ ಶಟರ್ ಎತ್ತಿಯೇ ಇತ್ತು. ಒಳಗೆ ಏನೂ ಇರಲಿಲ್ಲ. ಮಾವ ಹೊರಗೆ ಕೂತಿದ್ದರು.

"ಅವರ ಮಂಚದ ಸ್ಕ್ರೂ ಒಂದು ಬಿದ್ದೋಗಿದೆ," ಎಂದು ಅಂಗೈ ತೋರಿಸಿದರು. "ಕೊಟ್ಟು ಬರ್ಬೇಕು. ಬರ್ತೀಯಾ?"

ಒಂದು ಸ್ಕ್ರೂಗೆ ಚಾಮರಾಜಪೇಟೆಯಿಂದ ಮಲ್ಲೇಶ್ವರಕ್ಕೆ ಆಟೋ! ದಾರಿಯುದ್ದಕ್ಕೂ ಅದನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಹೊಸ ಫ್ಲ್ಯಾಟಿನಲ್ಲಿ ಸುಣ್ಣಬಣ್ಣದ ವಾಸನೆ. ಟಿವಿ ಇಲ್ಲ, ಮಾತಿಲ್ಲ, ನಮ್ಮ ಚಪ್ಪಲಿ ಬಿಟ್ಟ ಸದ್ದೇ ದೊಡ್ಡದಾಗಿ ಕೇಳಿಸಿತು. ಟೀಚರಮ್ಮ ಬಾಗಿಲಲ್ಲೇ ಸ್ಕ್ರೂ ತೆಗೆದುಕೊಂಡು, ಕನ್ನಡಕ ಸರಿಮಾಡಿ, ತಿರುಗಿಸಿ ನೋಡಿದರು.

"ನಮ್ಮ ಮಂಚಕ್ಕೆ ಸ್ಕ್ರೂನೇ ಇಲ್ವಲ್ಲ. ಪೂರ್ತಿ ಮರದ ಗೂಟದ್ದು."

ಮಾವನ ಮುಖ ಕೆಂಪಾಯಿತು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಟೀಚರಮ್ಮ ಅದನ್ನು ವಾಪಸು ಕೊಡದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಮಾವ ಹೊಸ್ತಿಲಾಚೆಯೇ ನಿಂತು, ಗಂಟಲು ಸರಿಮಾಡಿಕೊಂಡು ಕೇಳಿದರು: "ಸಾಮಾನೆಲ್ಲ ಸರಿಯಾಗಿ ಕೂತ್ಕೊಂಡ್ವಾ?"

"ಅವೆಲ್ಲ ಕೂತ್ಕೊಂಡ್ವು," ಎಂದರು ಟೀಚರಮ್ಮ, ಬಾಗಿಲನ್ನು ಪೂರ್ತಿ ತೆರೆಯುತ್ತಾ. "ನೀವೂ ಒಳಗ್ ಬಂದು ಕೂತ್ಕೊಳಿ."