ಹತ್ತೊಂಬತ್ತು ಡಬ್ಬಿ ಬಿಸ್ಕತ್ತು

ಬೆಳಿಗ್ಗೆ ಏಳೂವರೆಗೆ ಪಥ್ಯದ ಡಾಕ್ಟರು ತೂಕದ ಯಂತ್ರದ ಮುಂದೆ ನಿಂತು ಮೊದಲು ಕೈಗಡಿಯಾರ ಬಿಚ್ಚಿದರು. ಆಮೇಲೆ ಬನಿಯನ್ನು. ಕೊನೆಗೆ, ಗಾಜಿಗೂ ಒಂದಿಷ್ಟು ಭಾರ ಇದ್ದೇ ಇರುತ್ತದೆ ಎಂಬ ವೈಜ್ಞಾನಿಕ ಎಚ್ಚರದಿಂದ ಕನ್ನಡಕವನ್ನೂ ತೆಗೆದಿಟ್ಟು ಯಂತ್ರ ಹತ್ತಿದರು. ಹತ್ತಿದ ಮೇಲೆ ಅಂಕಿಯೇ ಕಾಣಲಿಲ್ಲ!

"ಎಷ್ಟಿದೆ, ಸ್ವಲ್ಪ ನೋಡೇ," ಎಂದು ಕೂಗಿದರು.

ಹೆಂಡತಿ ಬಾಗಿಲಲ್ಲಿ ನಿಂತು ಬಗ್ಗಿ ನೋಡಿದಳು. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಆಕೆ ಟೈಲರು, ಮನೆಯ ಮುಂಭಾಗದ ಕೋಣೆಯೇ ಅವಳ ಅಂಗಡಿ.

"ತೊಂಬತ್ತಾರು."

"ನಿನ್ನೆ ತೊಂಬತ್ನಾಲ್ಕಿತ್ತು!"

"ನಿನ್ನೆ ನೀವೇ ಓದ್ಕೊಂಡಿದ್ರಿ."

ನಮ್ಮ ಡಾಕ್ಟರು ಮಾತ್ರೆ ಕೊಡುವ ಡಾಕ್ಟರಲ್ಲ. ಪೋಷಣಾ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿ, ಸಂಶೋಧನಾ ಕೇಂದ್ರವೊಂದರಲ್ಲಿ ಇಪ್ಪತ್ತು ವರ್ಷದಿಂದ ಬೊಜ್ಜು ಮತ್ತು ಸಕ್ಕರೆ ಕಾಯಿಲೆಯ ಮೇಲೆ ಸಮರ ಸಾರಿದವರು. ಬೀದಿಯವರು ಪಥ್ಯದ ಡಾಕ್ಟರು ಎಂದು ಹೆಸರಿಟ್ಟಿದ್ದರು. ಅವರನ್ನು ಕಂಡ ಕೂಡಲೇ ಅಕ್ಕಪಕ್ಕದವರು ಕೈಯಲ್ಲಿದ್ದ ತಿಂಡಿಯನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದರು. ತಮ್ಮ ಹೊಟ್ಟೆಯ ವಿಷಯ ಯಾರಾದರೂ ಎತ್ತಿದರೆ, "ಸೇನಾಪತಿ ಕತ್ತಿ ಹಿಡಿಯಬೇಕಾಗಿಲ್ಲ," ಎನ್ನುತ್ತಿದ್ದರು.

ಆ ದಿನಗಳಲ್ಲಿ ಸೇನಾಪತಿಯ ಕೈಯಲ್ಲಿದ್ದ ಮಹಾಸ್ತ್ರವೆಂದರೆ ಒಂದು ಬಿಸ್ಕತ್ತು. ನಾರಿನಂಶ ತುಂಬಿದ, ಹೊಟ್ಟಿನ ಬಣ್ಣದ ಬಿಸ್ಕತ್ತು. ಊಟಕ್ಕೆ ಮೊದಲು ಇದನ್ನು ತಿಂದರೆ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ ಎಂಬುದು ಅವರ ಸಿದ್ಧಾಂತ. ಅದನ್ನು ಸಾಬೀತು ಮಾಡಲು ಎಂಬತ್ತು ಜನ ಮಧುಮೇಹಿಗಳನ್ನು ಹುಡುಕಿ ತಂದಿದ್ದರು. ನಲವತ್ತು ಜನಕ್ಕೆ ನಾರಿನ ಬಿಸ್ಕತ್ತು, ನಲವತ್ತು ಜನಕ್ಕೆ ನೋಡಲು ಹಾಗೆಯೇ ಇರುವ ಸಾದಾ ಬಿಸ್ಕತ್ತು. ಯಾವ ನಂಬರಿನ ಡಬ್ಬಿಯಲ್ಲಿ ಯಾವುದಿದೆ ಎಂಬುದು ತಿನ್ನುವವರಿಗೂ ತಿಳಿಯಬಾರದು, ಕೊಡುವವರಿಗೂ ತಿಳಿಯಬಾರದು. ಆ ಗುಟ್ಟು ಕೇಂದ್ರದ ಅಂಕಿಅಂಶ ತಜ್ಞನ ಕಪಾಟಿನಲ್ಲಿ, ಅರಗಿನ ಮುದ್ರೆ ಒತ್ತಿದ ಲಕೋಟೆಯಲ್ಲಿತ್ತು. ಹನ್ನೆರಡು ವಾರದ ಪ್ರಯೋಗ. ಗೆದ್ದರೆ ವಿಭಾಗದ ಮುಖ್ಯಸ್ಥರ ಕುರ್ಚಿ ಡಾಕ್ಟರದ್ದು ಎಂದು ನಿರ್ದೇಶಕಿಯೇ ಹೇಳಿದ್ದರು.

ಹತ್ತನೆಯ ವಾರಕ್ಕೆ ಇನ್ನೂ ಕೆಲವು ದಿನವಿರುವಾಗ ಕೇಂದ್ರದ ಉಗ್ರಾಣಕ್ಕೆ ಇರುವೆ ನುಗ್ಗಿತು. ಕೊನೆಯ ಎರಡು ವಾರಕ್ಕೆ ಹಂಚಬೇಕಾದ ಎಂಬತ್ತು ಡಬ್ಬಿಗಳು ಅಲ್ಲೇ ಇದ್ದವು. ಎಲ್ಲಿಡುವುದು ಎಂದು ಎಲ್ಲರೂ ಮುಖ ಮುಖ ನೋಡಿಕೊಂಡಾಗ ಡಾಕ್ಟರು ಎದೆಯುಬ್ಬಿಸಿದರು.

"ನನ್ನ ಮನೆಯಲ್ಲಿಡಿ! ಸಿಹಿ ಅಂದ್ರೆ ಮೂಗು ಮುರಿಯೋ ಮನೆ ಅದು. ಬೆಳ್ಳಿ ಬಂಗಾರ ಇಟ್ರೆ ಕಳುವಾದೀತು, ಬಿಸ್ಕತ್ತು ಮಾತ್ರ ಆಗಲ್ಲ!"

ಎಂಬತ್ತು ಡಬ್ಬಿಗಳೂ ಹೆಂಡತಿಯ ಹೊಲಿಗೆ ಕೋಣೆಯಲ್ಲಿ, ಬಟ್ಟೆಯ ಥಾನುಗಳ ಹಿಂದೆ ಸಾಲಾಗಿ ಕುಳಿತವು. ಒಳಗೇನಿದೆ ಎಂದು ಆಕೆ ಕೇಳಿದಾಗ ಡಾಕ್ಟರು, "ಆಫೀಸಿಂದು," ಎಂದಷ್ಟೇ ಹೇಳಿದರು. ಪ್ರಯೋಗದ ಗೋಪ್ಯತೆ ಎಂದರೆ ಗೋಪ್ಯತೆ!

ಅದಾದ ಹತ್ತನೆಯ ದಿನ ಭಾನುವಾರ. ಭಾನುವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಅತ್ತೆಯ ಬೆರಳು ಚುಚ್ಚಿ ಸಕ್ಕರೆ ನೋಡುವುದು ಡಾಕ್ಟರ ನಿಯಮ. ಹೆಂಡತಿಯ ತಾಯಿಗೆ ಎಪ್ಪತ್ತೊಂದು ವರ್ಷ, ಅದರಲ್ಲಿ ಹದಿನಾಲ್ಕು ವರ್ಷ ಸಕ್ಕರೆ ಕಾಯಿಲೆಯದ್ದು. ಅಳಿಯನ ಪಥ್ಯದಿಂದ ಅದು ಹತೋಟಿಯಲ್ಲಿದೆ ಎಂದು ಡಾಕ್ಟರು ಭಾಷಣಗಳಲ್ಲಿ ಉದಾಹರಣೆ ಕೊಡುತ್ತಿದ್ದರು.

ಮೀಟರು ಇನ್ನೂರ ನಲವತ್ತೆಂಟು ತೋರಿಸಿತು.

"ಮೀಟರ್ ಕೆಟ್ಟಿದೆ," ಎಂದರು ಡಾಕ್ಟರು, ಕಣ್ಣು ಮಿಟುಕಿಸದೆ.

"ಹೋದ ತಿಂಗಳು ತಾನೇ ತಂದಿದ್ದು," ಎಂದಳು ಹೆಂಡತಿ.

"ಕೆಟ್ಟಿದೆ ಅಂದ್ನಲ್ಲ. ಬೇಕಾದ್ರೆ ತೋರಿಸ್ತೀನಿ, ನಿನ್ನ ಬೆರಳು ಕೊಡು."

ಹೆಂಡತಿಯದು ತೊಂಬತ್ತೊಂದು ಬಂತು. ಡಾಕ್ಟರಿಗೆ ಅದು ಸಾಲಲಿಲ್ಲ. ಯಂತ್ರದ ಸುಳ್ಳನ್ನು ಬಯಲಿಗೆಳೆಯಲು ತಮ್ಮದೇ ಬೆರಳಿಗೆ ಸೂಜಿ ಚುಚ್ಚಿಕೊಂಡರು. ಐದು ಸೆಕೆಂಡು. ಇನ್ನೂರ ಹನ್ನೆರಡು!

"ನೋಡಿದ್ಯಾ!" ಎಂದು ಅವರು ಗೆದ್ದವರಂತೆ ಮೀಟರನ್ನು ಎತ್ತಿ ಹಿಡಿದರು. "ಮೂರರಲ್ಲಿ ಎರಡು ತಪ್ಪು ತೋರಿಸೋ ಯಂತ್ರ!"

"ನನ್ನದು ಮಾತ್ರ ಸರಿಯಾ?"

"ನಿಂದು ಸರಿ."

"ಹಾಗಾದ್ರೆ ಬಿಸ್ಕತ್ತು ತಿನ್ನದೇ ಇದ್ದವರದ್ದು ಮಾತ್ರ ಸರಿ ತೋರಿಸುತ್ತೆ ಅಂತಾಯ್ತು."

ಅತ್ತೆ ಕಿಟಕಿಯ ಕಡೆ ತಿರುಗಿ ಯಾವುದೋ ಹಕ್ಕಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅಲ್ಲಿ ಹಕ್ಕಿ ಇರಲಿಲ್ಲ.

"ಯಾವ ಬಿಸ್ಕತ್ತು?" ಎಂದರು ಡಾಕ್ಟರು, ಎತ್ತಿ ಹಿಡಿದ ಮೀಟರನ್ನು ಕೆಳಗಿಳಿಸುತ್ತ.

"ಆಫೀಸಿಂದು ಅಂದ್ರಲ್ಲ, ಅದು. ಆಫೀಸಿನವರು ಉಡುಗೊರೆ ಕೊಟ್ಟಿದಾರೆ ಅಂದ್ಕೊಂಡ್ವಿ. ಬಟ್ಟೆ ಕೊಡೋಕೆ ಬಂದವರಿಗೆ ಕಾಫಿ ಜೊತೆ ಎರಡೆರಡು ಕೊಟ್ಟೆ. ಅಮ್ಮ ತಿಂದ್ರು. ನೀವೂ ತಿಂದ್ರಿ."

"ನಾನಾ?"

"ದಿನಾ ಸಂಜೆ ನಾಲ್ಕು! 'ಬಹಳ ಚೆನ್ನಾಗಿದೆ, ಯಾವ ಬೇಕರಿದು' ಅಂತ ಕೇಳಿದ್ರಿ. 'ನಿಮ್ಮದೇ' ಅಂದೆ. ನಗ್ತಾ ಇನ್ನೂ ಎರಡು ತಗೊಂಡ್ರಿ."

ಡಾಕ್ಟರು ಹೊಲಿಗೆ ಕೋಣೆಗೆ ಓಡಿದರು. ಓಡಿದರು ಎಂಬುದು ತೊಂಬತ್ತಾರು ಕಿಲೋ ತೂಕಕ್ಕೆ ಅನ್ವಯಿಸಿ ಹೇಳಿದ ಮಾತು. ಥಾನುಗಳ ಹಿಂದೆ ಎಂಬತ್ತು ಡಬ್ಬಿಗಳೂ ಸಾಲಾಗಿಯೇ ಇದ್ದವು. ಆದರೆ ಅರ್ಧದಷ್ಟರ ಮುಚ್ಚಳದ ಮೇಲೆ ಟೈಲರ್ ಚಾಕಿನ ನೀಲಿ ಗುರುತು! ಗುರುತಿದ್ದವುಗಳಲ್ಲಿ ಹತ್ತೊಂಬತ್ತನ್ನು ಎತ್ತಿದರೆ ಕೈಗೆ ಗಾಳಿಯ ತೂಕ.

"ಈ ಗುರುತು ಯಾರು ಹಾಕಿದ್ದು?"

"ನಾನೇ ಅಳಿಯಂದ್ರೇ," ಎಂದರು ಹಿಂದೆಯೇ ಬಂದ ಅತ್ತೆ. "ಎರಡು ಡಬ್ಬಿದು ತಿಂದು ನೋಡಿದೆ. ಒಂದು ಬೆಣ್ಣೆ ಥರ, ಇನ್ನೊಂದು ಮರದ ಹೊಟ್ಟು. ಆಮೇಲೆ ತಿನ್ನೋದೇನು ಬಂತು, ಮುಚ್ಚಳ ತೆಗೆದು ಮೂಸಿದ್ರೆ ಸಾಕು. ನಲವತ್ತು ಒಳ್ಳೇದು, ನಲವತ್ತು..."

"ಹೇಳ್ಬೇಡಿ!" ಡಾಕ್ಟರು ಎರಡೂ ಕಿವಿ ಮುಚ್ಚಿಕೊಂಡರು. "ನನಗೆ ಗೊತ್ತಾಗಬಾರದು!"

"ಏನೂ ಗೊತ್ತಾಗಬಾರದು ಅಂತ ಸಂಬಳ ಕೊಡ್ತಾರಾ ನಿಮಗೆ?" ಎಂದು ಅತ್ತೆ ನಿಜವಾದ ಕುತೂಹಲದಿಂದ ಕೇಳಿದರು.

ಅರಗಿನ ಮುದ್ರೆಯ ಗುಟ್ಟನ್ನು ಆ ತಾಯಿ ಒಂದು ಮಧ್ಯಾಹ್ನದಲ್ಲಿ ಮೂಗಿನಿಂದ ಒಡೆದಿದ್ದರು! ಮಂಗಳವಾರ ಬೆಳಿಗ್ಗೆ ಹಂಚಿಕೆ. ಕೇಂದ್ರಕ್ಕೆ ಫೋನು ಮಾಡಿ ನಡೆದದ್ದನ್ನು ಹೇಳಿಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಡಾಕ್ಟರು ಫೋನು ಕೈಗೆತ್ತಿಕೊಂಡರು ಕೂಡ. ಆಗ ಮುಖ್ಯಸ್ಥರ ಕುರ್ಚಿ ಕಣ್ಣೆದುರು ಬಂತು. ಅದಕ್ಕೆ ಚಕ್ರಗಳಿದ್ದವು. ಅದು ದೂರ ಉರುಳುತ್ತಿತ್ತು. ಫೋನು ಕೆಳಗಿಟ್ಟರು.

"ನಾನೇ ಮಾಡ್ತೀನಿ," ಎಂದು ಘೋಷಿಸಿದರು. "ಸಾದಾ ಬಿಸ್ಕತ್ತಿನ ಸೂತ್ರ ಬರೆದವನೇ ನಾನು. ಹಿಟ್ಟೆಷ್ಟು, ಸಕ್ಕರೆಯೆಷ್ಟು, ಗ್ರಾಂ ಸಮೇತ ಬಾಯಿಪಾಠ!"

"ಯಾವತ್ತಾದ್ರೂ ಮಾಡಿದೀರಾ?"

"ಬರೆದಿದೀನಿ ಅಂದ್ನಲ್ಲ!"

"ನಾನು ಹಿಟ್ಟು ಕಲಸಿ ಕೊಡ್ಲಾ?"

"ಬೇಡ. ಇದು ಅಡುಗೆ ಅಲ್ಲ, ವಿಜ್ಞಾನ."

ಭಾನುವಾರ ಮಧ್ಯಾಹ್ನ, ಸೋಮವಾರ ರಜೆ ಹಾಕಿ ಇಡೀ ದಿನ, ವಿಜ್ಞಾನ ನಡೆಯಿತು. ಹತ್ತೊಂಬತ್ತು ಡಬ್ಬಿ, ಡಬ್ಬಿಗೆ ಇಪ್ಪತ್ತೆಂಟು, ಒಟ್ಟು ಐನೂರ ಮೂವತ್ತೆರಡು ಬಿಸ್ಕತ್ತು. ಡಾಕ್ಟರು ಪ್ರಯೋಗದ ದಾಖಲೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಒಂದು ಗ್ರಾಂ ಆಚೆಈಚೆ ಆಗದಂತೆ ತೂಗಿ, ನೀರಲ್ಲಿ ಕಲಸಿ, ಅಚ್ಚೊತ್ತಿ, ಒಲೆಯಲ್ಲಿ ಬೇಯಿಸಿದರು. ಬಣ್ಣ ಸರಿಯಾಗಿತ್ತು. ಆಕಾರ ಸರಿಯಾಗಿತ್ತು. ಅತ್ತೆ ಒಂದನ್ನು ಎತ್ತಿ ಮೇಜಿಗೆ ಕುಟ್ಟಿದರು. ಮೇಜಿನ ಬಣ್ಣ ಎದ್ದಿತು.

ಹೆಂಡತಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದು ಬಿಸ್ಕತ್ತಿನ ಅಂಚಿಗೆ ಒತ್ತಿ ನೋಡಿದಳು. ಆಮೇಲೆ ಬಿಸ್ಕತ್ತನ್ನಲ್ಲ, ಕತ್ತರಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ರೀ, ಇದು ಹರಿತ ಹೋಯ್ತು."

ಸೋಮವಾರ ಸಂಜೆ ಡಾಕ್ಟರು ಧೈರ್ಯ ಮಾಡಿ, ಕೇಂದ್ರಕ್ಕೆ ಬಿಸ್ಕತ್ತು ಮಾಡಿಕೊಡುವ ಬೇಕರಿಯಾಕೆಗೆ ಫೋನು ಹಚ್ಚಿದರು. ಸುಮ್ಮನೆ ಕೇಳಿದಂತೆ ಕೇಳಿದರು. "ಅಲ್ಲಮ್ಮಾ, ನಮ್ಮ ಸಾದಾ ಬಿಸ್ಕತ್ತು ಅಷ್ಟು ಮೆತ್ತಗೆ ಹೇಗೆ ಬರುತ್ತೆ?"

"ಬೆಣ್ಣೆ ಹಾಕ್ತೀನಲ್ಲ ಸಾರ್."

"ಬೆಣ್ಣೆಯಾ? ಸೂತ್ರದಲ್ಲಿ ಬೆಣ್ಣೆ ಇಲ್ಲವಲ್ಲ!"

"ಅಯ್ಯೋ, ನೀವು ಅವಸರದಲ್ಲಿ ಬರೆಯೋದು ಮರೆತಿದೀರಿ ಅಂದ್ಕೊಂಡೆ. ಬೆಣ್ಣೆ ಇಲ್ದೆ ಮಾಡಿದ್ರೆ ಅದು ಬಿಸ್ಕತ್ತಾಗಲ್ಲ ಸಾರ್, ಹೆಂಚಾಗುತ್ತೆ. ಮೊದಲ ದಿನದಿಂದ ಕೈಯಳತೆಲಿ ಹಾಕ್ತಾ ಇದೀನಿ."

ಮರೆತದ್ದಲ್ಲ. ಎರಡೂ ಬಿಸ್ಕತ್ತಿನ ಕ್ಯಾಲೊರಿ ಕಾಗದದ ಮೇಲೆ ಸಮವಾಗಲಿ ಎಂದು ಡಾಕ್ಟರೇ ಬೆಣ್ಣೆಯನ್ನು ಹೊಡೆದುಹಾಕಿದ್ದರು. ಕಾಗದದ ಮೇಲೆ ಅದು ಬಹಳ ರುಚಿಯಾಗಿತ್ತು. ಈಗ ಸಮಯ ಮೀರಿತ್ತು. ಚಾಕಿನ ಗುರುತು ಒರೆಸಿ, ಹೆಂಚುಗಳನ್ನು ಡಬ್ಬಿಗೆ ತುಂಬಿದರು. ಮಂಗಳವಾರ ಎಂಬತ್ತು ಡಬ್ಬಿಗಳೂ ಎಂಬತ್ತು ಮನೆಗಳಿಗೆ ಹೋದವು.

ಎರಡು ವಾರ ಡಾಕ್ಟರು ಫೋನು ಬಂದಾಗಲೆಲ್ಲ ಬೆಚ್ಚಿದರು. ಒಂದೇ ಒಂದು ದೂರು ಬಂತು: ಶಾಲಾ ಶಿಕ್ಷಕಿಯೊಬ್ಬರ ದವಡೆ ಹಲ್ಲಿನ ಸಿಮೆಂಟು ಕಿತ್ತು ಬಂದು, ಅವರು ಇನ್ನು ಮುಂದೆ ಯಾವ ಪ್ರಯೋಗಕ್ಕೂ ಕರೆಯಬೇಡಿ ಎಂದು ತಿಳಿಸಿದ್ದರು. ಆದರೂ ಕೊನೆಯ ತೂಕಕ್ಕೆ ಅವರೂ ಸೇರಿ ಎಂಬತ್ತೂ ಜನ ಬಂದರು. ಅವರಲ್ಲಿ ಒಬ್ಬ ಬಸ್ಸಿನ ಚಾಲಕ ತೂಕದ ಯಂತ್ರದಿಂದ ಇಳಿದು ಪ್ಯಾಂಟು ಹಿಡಿದುಕೊಂಡು ನಿಂತ. ಹಿಡಿಯದಿದ್ದರೆ ಅದು ನಿಲ್ಲುತ್ತಿರಲಿಲ್ಲ.

"ಎರಡು ಬಿಸ್ಕತ್ತು ಪೂರ್ತಿ ತಿಂದೇ ಊಟಕ್ಕೆ ಕೂರಬೇಕು ಅಂತ ಚೀಟೀಲಿ ಬರೆದಿದ್ರಿ ಸಾರ್. ನಿಯಮ ಅಂದ್ರೆ ನಿಯಮ. ಎರಡು ಮುಗಿಸೋ ಹೊತ್ತಿಗೆ ನನ್ನ ಊಟದ ಬಿಡುವೇ ಮುಗೀತಿತ್ತು!"

ಮರುದಿನ ನಿರ್ದೇಶಕಿಯ ಕೋಣೆಯಲ್ಲಿ ಲಕೋಟೆಯ ಅರಗು ಒಡೆದರು. ಅಂಕಿಅಂಶ ತಜ್ಞ ಪಟ್ಟಿ ಹರಡಿದ. ಆತ ವರ್ಷಕ್ಕೆ ಎರಡು ಸಲ ನಗುವ ಮನುಷ್ಯ, ಅಂದು ಅವೆರಡೂ ಅಲ್ಲ. ನಾರಿನ ಬಿಸ್ಕತ್ತಿನವರು ಹನ್ನೆರಡು ವಾರದಲ್ಲಿ ಮುನ್ನೂರು ಗ್ರಾಂ ಇಳಿದಿದ್ದರು. ಸಾದಾ ಬಿಸ್ಕತ್ತಿನವರಲ್ಲಿ ಕೆಲವರು ಕೊನೆಯ ಎರಡೇ ವಾರದಲ್ಲಿ ಮೂರು ಕಿಲೋ ಇಳಿದು, ಸಕ್ಕರೆಯನ್ನೂ ಇಳಿಸಿಕೊಂಡಿದ್ದರು.

"ಅದ್ಭುತ!" ಎಂದು ನಿರ್ದೇಶಕಿ ಎದ್ದು ನಿಂತರು. "ಸಾದಾ ಬಿಸ್ಕತ್ತಿನ ಶಕ್ತಿ! ಪತ್ರಿಕೆಯವರನ್ನ ಕರೆಯೋಣ. ಕಾರಣ ಆಮೇಲೆ ಹುಡುಕಿದರಾಯ್ತು. ಎಷ್ಟೋ ಸಂಶೋಧನೆಗೆ ಕಾರಣ ಆಮೇಲೇ ಸಿಕ್ಕಿರೋದು."

"ಹತ್ತೊಂಬತ್ತೇ ಜನ ಮೇಡಂ," ಎಂದ ತಜ್ಞ. "ಉಳಿದ ಇಪ್ಪತ್ತೊಂದು ಜನಕ್ಕೆ ಏನೂ ಆಗಿಲ್ಲ. ಯಾಕೆ?"

ನಿರ್ದೇಶಕಿ ಡಾಕ್ಟರ ಕಡೆ ತಿರುಗಿದರು. ಮುಖ್ಯಸ್ಥರ ಕುರ್ಚಿ ಈಗ ಇಷ್ಟು ಹತ್ತಿರ ಬಂದಿತ್ತೆಂದರೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅದೇ ಬಂದು ಕೆಳಗೆ ಸೇರಿಕೊಳ್ಳುತ್ತಿತ್ತು. ನಾಳೆ ಪತ್ರಿಕೆಯಲ್ಲಿ ಬರುತ್ತದೆ. ನಾಡಿದ್ದು ಸಕ್ಕರೆ ಕಾಯಿಲೆಯವರೆಲ್ಲ ಅಂಗಡಿಯಿಂದ ಸಾದಾ ಬಿಸ್ಕತ್ತು ತಂದು ತಿನ್ನುತ್ತಾರೆ. ಬೆಣ್ಣೆ ಹಾಕಿದ್ದು. ಅತ್ತೆ ತಿಂದದ್ದು.

"ಅವು ಬಿಸ್ಕತ್ತಲ್ಲ ಮೇಡಂ," ಎಂದರು ಡಾಕ್ಟರು.

ಹೇಳಲು ಶುರು ಮಾಡಿದ ಮೇಲೆ ಎಲ್ಲವನ್ನೂ ಹೇಳಿದರು. ಇರುವೆ, ಥಾನು, ಚಾಕು, ತರಕಾರಿ ಹೆಚ್ಚುವ ಚಾಕು ಅಲ್ಲ ಎಂದು ತಡವರಿಸುತ್ತ, ಗುರುತು ಹಾಕುವ ಟೈಲರ್ ಚಾಕು, ಅತ್ತೆಯ ಮೂಗು, ಬೇಕರಿಯಾಕೆಯ ಕೈಯಳತೆ. ಮೂಗಿನ ವಿಷಯ ಬಂದಾಗ ತಜ್ಞ ಪೆನ್ನು ಕೆಳಗಿಟ್ಟ.

"ಮೂಸಿದರೆ ತಿಳಿಯುತ್ತೆ ಅಂದ್ರೆ, ಎಂಬತ್ತು ಜನಕ್ಕೂ ಮೊದಲ ದಿನದಿಂದ ತಿಳಿದಿತ್ತು. ತಿಳಿಯದೇ ಇದ್ದವರು ನಾವು ಮೂರು ಜನ. ಹನ್ನೆರಡು ವಾರವೂ ಹೋಯ್ತು."

"ನಿಮ್ಮ ಅತ್ತೆಯವರು ಹೇಗಿದಾರೆ?" ಎಂದು ನಿರ್ದೇಶಕಿ ಕೇಳಿದರು.

"ಈಗ ಪರವಾಗಿಲ್ಲ, ಇಳಿದಿದೆ. ಅವತ್ತು ಇನ್ನೂರ ನಲವತ್ತೆಂಟು ಬಂದಿತ್ತು. ಮೀಟರ್ ಕೆಟ್ಟಿದೆ ಅಂತ ನಾನೂ ಚುಚ್ಕೊಂಡು ನೋಡಿದೆ. ಇನ್ನೂರ ಹನ್ನೆರಡು."

"ಮೀಟರ್ ಕೆಟ್ಟಿತ್ತಾ?"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಇಲ್ಲ ಮೇಡಂ. ಬೇರೆ ಮೂರು ಮೀಟರ್ ತಂದು ನೋಡಿದೆ. ಯಾವುದೂ ಕೆಟ್ಟಿರಲಿಲ್ಲ."

ನಿರ್ದೇಶಕಿ ಪ್ರಯೋಗದ ದಾಖಲೆ ತೆರೆದು, ಯಾರನ್ನು ಸೇರಿಸಿಕೊಳ್ಳಬಹುದು ಎಂದು ಡಾಕ್ಟರೇ ಬರೆದ ಪುಟದ ಮೇಲೆ ಬೆರಳಾಡಿಸಿದರು. ವಯಸ್ಸು ನಲವತ್ತಕ್ಕೆ ಮೇಲೆ. ತೂಕ ತೊಂಬತ್ತಕ್ಕೆ ಮೇಲೆ. ಬರಿಹೊಟ್ಟೆಯ ಸಕ್ಕರೆ ನೂರ ಇಪ್ಪತ್ತಾರಕ್ಕೆ ಮೇಲೆ.

"ಮತ್ತೆ ಮೊದಲಿಂದ ಪ್ರಯೋಗ ನಡೆಸೋಕೆ ಬೇರೆಯವರನ್ನ ನೋಡ್ತೀನಿ," ಎಂದರು. "ಆದ್ರೆ ಆ ಶಿಕ್ಷಕಿ ಬಿಟ್ಟು ಹೋದ ಜಾಗ ಖಾಲಿ ಇದೆ."

ಹೊಸ ಪ್ರಯೋಗ ಮುಂದಿನ ತಿಂಗಳ ಮೊದಲ ಸೋಮವಾರ ಶುರುವಾಗುತ್ತದೆ. ಪಥ್ಯದ ಡಾಕ್ಟರ ನಂಬರು ಮೂವತ್ತೇಳು. ಬೆಳಿಗ್ಗೆ ಎಂಟಕ್ಕೆ ಬರಿಹೊಟ್ಟೆಯಲ್ಲಿ ಬಂದು ಸಾಲಿನಲ್ಲಿ ನಿಲ್ಲಬೇಕೆಂದು ಚೀಟಿ ಬಂದಿದೆ.