ಅಡುಗೆಮನೆಗೆ ಬಂದ ಚಪ್ಪಲಿ

ಭಾನುವಾರ ಬೆಳಿಗ್ಗೆ ಆರೂ ನಲವತ್ತಕ್ಕೆ ಮಂಟೇಸ್ವಾಮಿ ಚಪ್ಪಲಿ ಮೆಟ್ಟಿಕೊಂಡು ಅಡುಗೆಮನೆಯೊಳಕ್ಕೆ ಹೋದ.

ಕೇಸರಿಬಾತಿಗೆ ರವೆ ಹುರಿಯುತ್ತಿದ್ದ ಹೆಂಡತಿ ಮಂಚಮ್ಮನ ಕೈಯಿಂದ ಸೌಟು ಜಾರಿತು. "ರೀ! ಅನ್ನ ಬೇಯೋ ಜಾಗಕ್ಕೆ ಮೆಟ್ಟು ಹಾಕ್ಕೊಂಡು ಬತ್ತೀರಲ್ಲ, ಬುದ್ಧಿ ಕೆಟ್ಟೋಗೈತಾ?"

"ಡಾಕ್ಟ್ರು ಏಳವ್ರೆ ಕಣೇ. ಬರಿಗಾಲು ನೆಲ ಮುಟ್ಟಂಗಿಲ್ಲ ಅಂತ."

"ಡಾಕ್ಟ್ರು ಬೇಕಾದ್ರೆ ಅವ್ರ ಅಡುಗೆಮನೇಗೆ ಹಾಕ್ಕೊಂಡು ಓಗ್ಲಿ."

ಡಾಕ್ಟರು ಹೇಳಿದ್ದು ನಿಜ. ಹುಲ್ಲಹಳ್ಳಿಯ ಹೈಸ್ಕೂಲಿನಲ್ಲಿ ಗಂಟೆ ಬಾರಿಸುವ ಅಟೆಂಡರ್ ಮಂಟೇಸ್ವಾಮಿಗೆ ಎಂಟು ವರ್ಷದಿಂದ ಕೀಲುವಾತ. ಕಾಲಿನ ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಹೆಜ್ಜೆ ಇಟ್ಟರೆ ಪಾದದಡಿ ಜಲ್ಲಿಕಲ್ಲು ಕಟ್ಟಿಕೊಂಡಂತಾಗುತ್ತಿತ್ತು. ನಂಜನಗೂಡಿನಲ್ಲಿ ತಿಂಗಳಿಗೊಮ್ಮೆ, ಗುರುವಾರ ನಡೆಯುವ ಕೀಲುನೋವಿನ ಶಿಬಿರಕ್ಕೆ ಅವನನ್ನು ಕರೆದೊಯ್ದವಳು ಮಗಳು ಗೌತಮಿ. ಅವಳು ಅದೇ ಊರಿನ ಲ್ಯಾಬೊಂದರಲ್ಲಿ ಟೆಕ್ನೀಷಿಯನ್. ಹಿಂದಿನ ತಿಂಗಳು ಪಾದದ ಅಳತೆ ತೆಗೆದುಕೊಂಡಿದ್ದರು. ಮೊನ್ನೆ ಗುರುವಾರ ಚಪ್ಪಲಿ ಕೈಗೆ ಬಂತು: ಕಪ್ಪು ಬಣ್ಣ, ಅಗಲ ಮೂತಿ, ಅಂಟುಪಟ್ಟಿ, ಬೆಣ್ಣೆಯಂಥ ಮೆತ್ತನೆ ಅಟ್ಟೆ. ಶುಕ್ರವಾರ, ಶನಿವಾರ ಮಂಟೇಸ್ವಾಮಿ ಗೋಡೆ ಹಿಡಿಯದೆ ಹೋಗಿ ಗಂಟೆ ಬಾರಿಸಿದ್ದ. ಎಂಟು ವರ್ಷದಲ್ಲಿ ಅದೇ ಮೊದಲು.

ಆದರೆ ಈ ಭಾನುವಾರ ಬೇರೆ. ಹನ್ನೊಂದಕ್ಕೆ ತಿ. ನರಸೀಪುರದಿಂದ ಗೌತಮಿಯನ್ನು ನೋಡಲು ಬರುವವರಿದ್ದರು. ಹುಡುಗ ಮಹೇಂದ್ರ, ಅಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ಮೂರು ಗಂಡುಗಳನ್ನು ಫೋಟೊದಲ್ಲೇ ಬೇಡವೆಂದಿದ್ದ ಗೌತಮಿ ಈ ಫೋಟೊವನ್ನು ಎರಡು ಸಲ ನೋಡಿ, "ಬರ್ಲಿ ಬಿಡಿ ಅಪ್ಪಾಜಿ" ಅಂದಿದ್ದಳು. ಅಷ್ಟು ಅಂದಿದ್ದೇ ಮನೆಯಲ್ಲಿ ಹಬ್ಬವಾಗಿತ್ತು.

ಗಲಾಟೆ ಕೇಳಿ ಪಕ್ಕದ ಮನೆಯ ಚಿಕ್ಕಮ್ಮ ಬಂದಳು. ಅವಳ ಹೆಸರೇ ಚಿಕ್ಕಮ್ಮ. ಹಾಗಾಗಿ ಊರಿಗೆಲ್ಲ ಬುದ್ಧಿ ಹೇಳುವ ಹಕ್ಕು ಹುಟ್ಟಿನಿಂದಲೇ ಸಿಕ್ಕಿತ್ತು. ಚಪ್ಪಲಿಯನ್ನು ಸತ್ತ ಹಾವನ್ನು ನೋಡುವ ಹಾಗೆ ನೋಡಿದಳು.

"ಅಯ್ಯೋ ನಮ್ಮಪ್ಪನೇ, ಇದು ದೊಡ್ಡರೋಗದೋರಿಗೆ, ಕುಷ್ಠ ಬಂದೋರಿಗೆ ಕೊಡೋ ಚಪ್ಪಲಿ ಕಣಣ್ಣ! ಬೀಗ್ರು ನೋಡುದ್ರೆ ಬಾಗ್ಲಿಂದ್ಲೇ ವಾಪಸ್ಸು."

"ಕಾಲು ಸೂಕ್ಷ್ಮ ಇರೋರಿಗೆಲ್ಲ ಕೊಡ್ತಾರೆ ಚಿಕ್ಕಮ್ಮಾರೆ," ಎಂದಳು ಗೌತಮಿ ಕೋಣೆಯಿಂದ ತಲೆ ಹಾಕಿ. "ಅಪ್ಪಾಜಿ, ಬಿಚ್ಚಬೇಡಿ. ಬರೋರಿಗೆ ನಾನೇ ಹೇಳ್ತೀನಿ."

"ಹೆಣ್ಣಾದೋಳು ಬಂದೋರ ಮುಂದೆ ಅಪ್ಪನ ಕಾಲಿನ್ ಕತೆ ಏಳ್ತಾಳಂತೆ!" ಚಿಕ್ಕಮ್ಮ ಕೆನ್ನೆ ಬಡಿದುಕೊಂಡಳು.

ಮಂಟೇಸ್ವಾಮಿ ಮಗಳ ಮುಖ ನೋಡಿದ. ಎರಡು ಸಲ ನೋಡಿದ ಫೋಟೊ ನೆನಪಾಯಿತು. ಬಂದವರು ಹೋಗುವವರೆಗಿನ ಮಾತಲ್ಲವೇ? ಅವಳು ಸೀರೆ ಉಡಲು ಬಾಗಿಲು ಹಾಕಿಕೊಂಡ ಕೂಡಲೇ ಚಪ್ಪಲಿ ಬಿಚ್ಚಿಕೊಟ್ಟ. ಚಿಕ್ಕಮ್ಮ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ತನ್ನ ಮನೆಯ ಅಟ್ಟದ ಮೇಲೆ ಹಾಕಿ, ಮನೆಗೆ ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

ಹತ್ತು ಗಂಟೆಗೆ ಪಾದ ಬೆಂದ ಗೆಣಸಿನಂತೆ ಊದಿತ್ತು. ಸಂಬಂಧ ತಂದಿದ್ದ ಮಂಚಮ್ಮನ ತಮ್ಮ ಶಿವರಾಜು ಬಂದು ಅದನ್ನು ನೋಡಿ, ಜೇಬಿನಿಂದ ಒಂದು ಕ್ವಾರ್ಟರ್ ತೆಗೆದ.

"ಬಾವ, ಬ್ರಾಂದಿ ತಿಕ್ಕುದ್ರೆ ನೋವು ಅಂಗೇ ಎಳ್ಕೊಂಡೋಯ್ತದೆ."

"ಬ್ಯಾಡ ಕಣ್ಲಾ. ಹುಟ್ಟಿದಾಗಿಂದ ಅದ್ನ ಮುಟ್ಟಿಲ್ಲ ನಾನು."

"ನೀನೆಲ್ಲಿ ಮುಟ್ಟೀಯ? ಮುಟ್ಟೋನು ನಾನು. ಕಾಲ್ ಕೊಡು."

ಶಿವರಾಜು ಎರಡೂ ಪಾದಕ್ಕೆ ಧಾರಾಳವಾಗಿ ತಿಕ್ಕಿದ. ಸ್ವಲ್ಪ ಪಂಚೆಗೂ ಚೆಲ್ಲಿತು. ಆಮೇಲೆ ಅಂಗಳದಲ್ಲಿ ಮರ್ಯಾದಸ್ಥನಂತೆ ಕಾಣಲೆಂದು ತನ್ನ ಚೂಪು ಮೂತಿಯ ಬೂಟನ್ನೇ ಬಾವನಿಗೆ ತೊಡಿಸಿದ. ಮಂಟೇಸ್ವಾಮಿಯ ಹತ್ತು ಬೆರಳುಗಳು ಸಂತೆ ದಿನದ ಬಸ್ಸಿನಲ್ಲಿ ಫುಟ್‌ಬೋರ್ಡಿಗೆ ಜೋತವರಂತೆ ಒಂದನ್ನೊಂದು ಒತ್ತಿಕೊಂಡು ನಿಂತವು.

ಹನ್ನೊಂದೂ ಹತ್ತಕ್ಕೆ ಕಾರು ಬಂತು. ಮೊದಲು ಹುಡುಗನ ತಾಯಿ ಇಳಿದರು, ಆಮೇಲೆ ಮಹೇಂದ್ರ. ತಂದೆ ಶಿವಮೂರ್ತಿ ಕಾರಿನಲ್ಲೇ ಬಗ್ಗಿ ಏನೋ ಸರಿಮಾಡಿಕೊಳ್ಳುತ್ತಿದ್ದು, ಕೊನೆಗೆ ಬಾಗಿಲು ಹಿಡಿದು ನಿಧಾನಕ್ಕೆ ಇಳಿದರು. ಬರಿಗಾಲು.

"ಮುಡುಕುತೊರೆ ದೇವ್ರಿಗೆ ಹರಕೆ," ಎಂದರು ಗಂಭೀರವಾಗಿ. "ಈ ತಿಂಗಳು ಚಪ್ಪಲಿ ಮೆಟ್ಟಲ್ಲ."

ಅಂಥ ದೈವಭಕ್ತರ ಎದುರು ಬೂಟು ಹಾಕಿ ನಿಲ್ಲುವುದುಂಟೇ? ಮಂಟೇಸ್ವಾಮಿ ಬೂಟು ಕಿತ್ತೆಸೆದ. ಅಂಗಳಕ್ಕೆ ಹೊಸದಾಗಿ ಜಲ್ಲಿ ಹರಡಿಸಿದ್ದರು. ಬೀಗರಾಗಲಿರುವ ಇಬ್ಬರೂ ಅದನ್ನು ದಾಟಲು ನಾಲ್ಕು ನಿಮಿಷ ತೆಗೆದುಕೊಂಡರು. ಎಂಥ ನಿಧಾನಸ್ಥ ಮನುಷ್ಯ ಎಂದುಕೊಂಡ ಮಂಟೇಸ್ವಾಮಿ.

ಒಳಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಗೌತಮಿ ಕಾಫಿ ತಂದಳು. ಮಹೇಂದ್ರ ಲ್ಯಾಬಿನ ಕೆಲಸದ ಬಗ್ಗೆ ಕೇಳಿದ, ಅವಳು ನಕ್ಕು ಉತ್ತರ ಕೊಟ್ಟಳು. ಅಪ್ಪನ ಬರಿಗಾಲು ಕಣ್ಣಿಗೆ ಬಿದ್ದದ್ದೇ ಆ ನಗು ಅರ್ಧಕ್ಕೆ ನಿಂತಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ಅವಳನ್ನು ಒಳಕ್ಕೆ ಎಳೆದುಕೊಂಡು ಹೋದಳು.

ಹುಡುಗನ ತಾಯಿ ಮೂಗು ಏರಿಸಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದರು. ಆಮೇಲೆ, "ಹಿತ್ತಲು ತೋರ್ಸಿ, ನೋಡವ," ಎಂದರು.

ಮಂಟೇಸ್ವಾಮಿ ಎದ್ದ. ಆಗಷ್ಟೇ ಒರೆಸಿದ ಕೆಂಪು ಗಾರೆಯ ನೆಲ ಕಾದ ಹೆಂಚಿನಂತೆ ಕಚ್ಚಿತು. ಗೋಡೆಯ ಕಡೆ ಓಲಾಡಿದ, ಕಂಬದ ಕಡೆ ಓಲಾಡಿದ. ಹಿತ್ತಿಲ ಮೆಟ್ಟಿಲಿನಲ್ಲಿ ಶಿವಮೂರ್ತಿಯವರ ಭುಜಕ್ಕೆ ಜೋತುಬಿದ್ದ. ಅವರೂ ಇವನ ಸೊಂಟವನ್ನು ಬಿಗಿಯಾಗಿ ಹಿಡಿದುಕೊಂಡರು. ಹಾಗೆ ತಬ್ಬಿಕೊಂಡೇ ಇಬ್ಬರೂ ತೆಂಗು, ನುಗ್ಗೆ, ದನದ ಕೊಟ್ಟಿಗೆ ಎಲ್ಲವನ್ನೂ ಒಂದು ಸುತ್ತು ಹಾಕಿದರು.

"ನೋಡು, ಆಗ್ಲೇ ಅಣ್ತಮ್ಮಂದಿರಂಗೆ ಆಗೋದ್ರು," ಎಂದು ಚಿಕ್ಕಮ್ಮ ಮಂಚಮ್ಮನನ್ನು ತಿವಿದಳು.

ಸಂಜೆ ನಾಲ್ಕೂ ಇಪ್ಪತ್ತಕ್ಕೆ ಶಿವರಾಜುವಿನ ಫೋನು ಬಡಿದುಕೊಂಡಿತು. ಮಾತು ಮುಗಿಸಿ ಅವನು ಜಗಲಿಯ ಮೇಲೆ ಕುಕ್ಕರಿಸಿದ.

"ಹುಡ್ಗಿ ಒಪ್ಗೆ ಅಂತೆ. ಹುಡ್ಗಿ ಅಪ್ಪ ಒಪ್ಗೆ ಇಲ್ವಂತೆ."

"ಯಾಕ್ಲಾ? ನಾನೇನ್ ಮಾಡ್ದೆ?"

"ಹೆಣ್ಣು ನೋಡಕ್ ಬಂದ ದಿನ್ವೇ ಬೆಳಿಗ್ಗೆ ಬೆಳಿಗ್ಗೆ ಕುಡ್ದು, ನಮ್ಮೆಜಮಾನ್ರ ಮೇಲೆ ಬಿದ್ದೋರು, ಮದ್ವೆ ದಿನ ಇನ್ನೇನ್ ಮಾಡಾರು ಅಂತ ಆಯಮ್ಮ ಏಳ್ತಾವ್ರೆ."

"ಬ್ರಾಂದಿ ಕಾಲಿಗೆ ತಿಕ್ಕಿದ್ದು ಅಂತ ಏಳೋ!"

"ಏಳ್ದೆ ಬಾವ. ಎಲ್ಲ ಕುಡುಕ್ರೂ ಅಂಗೇ ಏಳೋದು ಅಂದ್ರು."

"ಕೀಲುವಾತ ಐತೆ ಅನ್ಲಾ!"

"ಅದೂ ಅಂದೆ. ಕೀಲುವಾತ ಇರೋರು ಬರಿಗಾಲಲ್ಲಿ ಹಿತ್ಲೆಲ್ಲ ಸುತ್ತಾರಾ ಅಂತ ಕೇಳುದ್ರು. ಅಷ್ಟಂದು ಫೋನ್ ಇಟ್ಬುಟ್ರು."

ಗೌತಮಿ ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು ತಂದಿಟ್ಟು, ಅಪ್ಪನ ಪಾದ ತೊಳೆದು, ಬೆರಳುಗಳ ಸಂದಿನಲ್ಲಿ ಒತ್ತಿ ಒರೆಸಿದಳು. ಬೂಟು ಉಜ್ಜಿದ ಕಡೆ ಎರಡು ಬೊಕ್ಕೆ ಎದ್ದಿದ್ದವು. "ಚಪ್ಪಲಿ ಎಲ್ಲಿ?" ಎಂದಷ್ಟೇ ಕೇಳಿದಳು.

ಚಪ್ಪಲಿ ಚಿಕ್ಕಮ್ಮನ ಅಟ್ಟದಲ್ಲಿತ್ತು. ಚಿಕ್ಕಮ್ಮ ಬೀಗದ ಕೈ ಸಮೇತ ಮಗಳ ಮನೆಗೆ ಹೋಗಿದ್ದಳು. ಬರುವುದು ಬುಧವಾರ.

ಮುಂದಿನ ತಿಂಗಳ ಗುರುವಾರ, ಹತ್ತೂವರೆಗೆ, ಮಂಟೇಸ್ವಾಮಿ ನಂಜನಗೂಡಿನ ಶಿಬಿರದ ಬೆಂಚಿನ ಮೇಲೆ ಕುಳಿತಿದ್ದ. ಟೋಕನ್ ಹದಿನಾಲ್ಕು. ಪಕ್ಕದವರ ಪಾದದಲ್ಲೂ ಅದೇ ಕಪ್ಪು ಚಪ್ಪಲಿ. ಅಟ್ಟೆಯ ಅಂಚು ಸವೆದಿತ್ತು, ವರ್ಷವಾದರೂ ಆಗಿದ್ದೀತು. ಕತ್ತೆತ್ತಿ ನೋಡಿದ. ಶಿವಮೂರ್ತಿ.

ಇಬ್ಬರೂ ಒಬ್ಬರ ಕಾಲನ್ನೊಬ್ಬರು ನೋಡಿದರು.

"ಹರಕೆ ತೀರ್ತಾ ಸಾ?" ಎಂದ ಮಂಟೇಸ್ವಾಮಿ.

"ಹರಕೆ ಎಲ್ಲಿಂದ ಬತ್ತು ಬಿಡಿ," ಎಂದರು ಶಿವಮೂರ್ತಿ ತಲೆ ತಗ್ಗಿಸಿ. "ಹೆಣ್ಣಿನೋರು ನೋಡಿ ಏನಂದ್ಕೊಂಡಾರೋ ಅಂತ ಕಾರಲ್ಲೇ ಬಿಚ್ಚಾಕ್ದೆ. ಹಿತ್ಲಲ್ಲಿ ನಿಮ್ಮ ಸೊಂಟ ಸಿಕ್ದೆ ಇದ್ದಿದ್ರೆ ಅಲ್ಲೇ ಬಿದ್ದೋಗ್ತಿದ್ದೆ."

ಮಂಟೇಸ್ವಾಮಿ ಬೆಂಚಿನ ಮೇಲೆ ಅವರ ಪಕ್ಕಕ್ಕೆ ಸರಿದ. "ಅಂಗಾದ್ರೆ ಮನೇಲೊಂದು ಮಾತು ಏಳಿ ಸಾ! ಇನ್ನೂ ಕಾಲ ಮಿಂಚಿಲ್ಲ!"

"ಓದ್ ವಾರ ಸುತ್ತೂರಿನ ಕಡೆ ಬ್ಯಾರೆ ಹೆಣ್ಣು ನಿಶ್ಚಯ ಆಗೋಯ್ತಲ್ಲ ಸ್ವಾಮಿ. ಆ ಹುಡ್ಗಿ ಅಪ್ಪ ಎಷ್ಟು ನೆಟ್ಟಗೆ ನಡೀತಾರೆ ನೋಡಿ ಅಂತ ನಮ್ಮೆಂಗಸ್ರು ಅವತ್ತೇ ಒಪ್ಕೊಂಡ್ಬುಟ್ರು."

ನರ್ಸು ಹದಿಮೂರನೇ ನಂಬರ್ ಕೂಗಿದಳು. ಶಿವಮೂರ್ತಿ ಎದ್ದು ಒಳಗೆ ಹೋದರು.