ಯಮನೂರಮ್ಮ ಸರ್ಕಾರಕ್ಕೆ ಕಣ್ಣು ಹೊಡೆದದ್ದು

ರೈತರು ಕಣ್ಣು ಹೊಡೆಯದ ಹೊರತು ಅವರಿಗೆ ಸಹಾಯಧನ ನೀಡತಕ್ಕದ್ದಲ್ಲ. ಮಸ್ಕಿಯ ರೈತ ಮುಖಪರೀಕ್ಷಾ ಘಟಕದಲ್ಲಿ ಈ ನಿಯಮ ಜಾರಿಯಲ್ಲಿದ್ದು, ಎಲ್ಲರೂ ಪಾಲಿಸುತ್ತಿದ್ದಾರೆ. ಅದು ಜಾರಿಗೆ ಬಂದ ಬಗೆ ಹೀಗಿದೆ.

ಸಂತೆಕಲ್ಲೂರಿನ ಯಮನೂರಮ್ಮನ ಹೆಸರಿನಲ್ಲಿ ಮೂರೆಕರೆ ಎರೆಮಣ್ಣಿನ ಹೊಲವಿದೆ. ಕಡಲೆ ಬಿತ್ತುವ ಹದ ಬಂದಿತ್ತು. ಬೀಜಕ್ಕೆ ದುಡ್ಡಿರಲಿಲ್ಲ, ಸಹಾಯಧನದ ಕಂತು ನಿಂತುಹೋಗಿತ್ತು. ಘಟಕಕ್ಕೆ ಹೋಗಿ ಮುಖ ತೋರಿಸಿದರೆ ಹಣ ಬರುತ್ತದೆ, ಇಂದೇ ಕೊನೆಯ ದಿನ ಎಂದು ತಿಳಿದು, ಗಂಡ ಗ್ಯಾನಪ್ಪನೊಂದಿಗೆ ಟಂಟಂ ಹತ್ತಿ ಬಂದಳು.

ಗುಮಾಸ್ತ ಶಿವಕಾಂತ ಅವಳ ಮುಖಕ್ಕೆ ಮೊಬೈಲು ಹಿಡಿದ. ಮುಖ ಅವಳದೇ ಎಂದು ಯಂತ್ರ ಒಪ್ಪಿತು. ಆದರೆ ಮುಂದಿರುವುದು ಜೀವಂತ ಮುಖವೋ ಬರೀ ಫೋಟೋವೋ ಎಂದು ತಿಳಿಯಲು ರೆಪ್ಪೆ ಬಡಿಯಬೇಕಿತ್ತು. ಆ ಸೂಚನೆಯನ್ನು ಯಾರೋ ಪುಣ್ಯಾತ್ಮರು ಕನ್ನಡಕ್ಕೆ ತಂದು, ‘ಕಣ್ಣು ಹೊಡೆಯಿರಿ’ ಎಂದು ಪರದೆಯ ಮೇಲೆ ಹಾಕಿದ್ದರು. ಶಿವಕಾಂತ ಬರೆದದ್ದನ್ನು ಮೀರುವ ನೌಕರನಲ್ಲ.

“ಯಮ್ಮಾ, ಕಣ್ಣ ಹೊಡೀರಿ.”

“ಯಾರಿಗಪ?”

“ಸರ್ಕಾರಕ್ಕ.”

“ಸರ್ಕಾರ ಯಾರ ಮಗ? ನಮ್ಮ ಮನಿಯವರಿಗೇ ಇನ್ನಾ ಹೊಡದಿಲ್ಲ ನಾ.”

“ಖರೇ ಐತ್ರಿ,” ಎಂದ ಗ್ಯಾನಪ್ಪ. “ಮೂವತ್ತೆಂಟು ವರ್ಷ ಆತು.”

ತಪ್ಪಿಯೂ ರೆಪ್ಪೆ ಅಲುಗಬಾರದೆಂದು ಯಮನೂರಮ್ಮ ಕಣ್ಣು ಕಿಸಿದುಕೊಂಡು ಕುಳಿತಳು. ಯಂತ್ರ ಅವಳನ್ನು ಫೋಟೋ ಎಂದು ತೀರ್ಮಾನಿಸಿತು.

ವಿಷಯವು ಘಟಕದ ಅಧಿಕಾರಿ ಅಮರಗುಂಡಪ್ಪನವರ ಮೇಜಿಗೆ ಹೋಯಿತು. ಎರಡೂ ಕಣ್ಣು ಮುಚ್ಚಿ ತೆರೆದರೆ ಸಾಲದೇ ಎಂದು ಶಿವಕಾಂತ ಕೇಳಿದ.

“ಎರಡೂ ಮುಚ್ಚಿದರ ಅದು ನಿದ್ದಿ. ಆ ಸೌಲಭ್ಯ ಸಿಬ್ಬಂದಿಗೆ ಮಾತ್ರ,” ಎಂದು ಅವರು ಸುತ್ತೋಲೆ ಹೊರಡಿಸಿದರು:

‘ವಿವಾಹಿತ ಮಹಿಳೆಯರು ಪತಿಯ ನಿರಾಕ್ಷೇಪಣಾ ಪತ್ರದೊಂದಿಗೆ ಕಣ್ಣು ಹೊಡೆಯತಕ್ಕದ್ದು. ಹೊಡೆತವು ಸರ್ಕಾರವನ್ನಷ್ಟೇ ಉದ್ದೇಶಿಸಿರಬೇಕು. ಪಕ್ಕದಲ್ಲಿ ನಿಂತವರು ಅದನ್ನು ಸ್ವೀಕರಿಸತಕ್ಕದ್ದಲ್ಲ.’

ಗ್ಯಾನಪ್ಪ ಪತ್ರಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ. “ಮೊದಲ ನನಗೊಂದು ಹೊಡೀಲಿ ಸಾಹೇಬ್ರ. ಸರದಿ ನಂದೈತಿ.”

“ನಾಚಿಕಿ ಇಲ್ಲೇನು ನಿಮಗ? ಮೊಮ್ಮಕ್ಕಳನ್ನ ಕಂಡೀರಿ,” ಎಂದಳು ಯಮನೂರಮ್ಮ.

“ಸರ್ಕಾರ ನನಗಿಂತ ಮುದುಕ ಐತಿ. ಅದಕ್ಕ ಹೇಳು ಹೋಗು.”

ಮೂವತ್ತೆಂಟು ವರ್ಷದ ಸೇವಾ ಹಿರಿತನದ ಈ ವಾದವನ್ನು ತಳ್ಳಿಹಾಕಲು ಅಮರಗುಂಡಪ್ಪನವರಿಗೆ ನಿಯಮ ಸಿಗಲಿಲ್ಲ. ಕಚೇರಿ ಮುಚ್ಚಲು ಐದು ನಿಮಿಷವಿತ್ತು. ಹೊಲದ ಹದ ಆರುತ್ತಿರುವುದನ್ನು ನೆನೆದು ಯಮನೂರಮ್ಮ ಸೆರಗು ಕಚ್ಚಿ, ಗಂಡನ ಕಡೆ ತಿರುಗಿ, ಎಡಗಣ್ಣು ಹೊಡೆದಳು. ಶಿವಕಾಂತ ಮೊಬೈಲನ್ನು ಅತ್ತ ಹಿಡಿದು ಗುಂಡಿ ಒತ್ತಿಬಿಟ್ಟ. ಪರದೆ ಹಸಿರಾಯಿತು.

ಸರ್ಕಾರಕ್ಕೆ ಸೇರಬೇಕಾದ ಕಣ್ಣು ಖಾಸಗಿ ವ್ಯಕ್ತಿಗೆ ಸಂದಾಯವಾಯಿತಲ್ಲ ಎಂದು ಶಿವಕಾಂತ ಆಕ್ಷೇಪ ಎತ್ತಿದ. ಅಮರಗುಂಡಪ್ಪನವರು ಕಡತದಲ್ಲಿ ಒಂದೇ ಸಾಲು ಬರೆದರು: ‘ಸದರಿ ಕಣ್ಣು ಸೂಕ್ತ ಮಾರ್ಗದ ಮೂಲಕ ಸರ್ಕಾರವನ್ನು ತಲುಪಿದೆ.’

ಹಣ ಬಂತು. ಕಡಲೆ ಬಿತ್ತಾಯಿತು.

ಈಗ ಘಟಕದಲ್ಲಿ ಗಂಡಂದಿರಿಗಾಗಿ ‘ಸೂಕ್ತ ಮಾರ್ಗ’ ಎಂಬ ಬೋರ್ಡಿನ ಕೆಳಗೆ ಕುರ್ಚಿ ಹಾಕಲಾಗಿದೆ. ಗಂಡ ಊರಲ್ಲಿಲ್ಲದವರಿಗೆ ಶಿವಕಾಂತನೇ ಹೆಚ್ಚುವರಿ ಪ್ರಭಾರ. ಕಂತಿನ ದಿನ ಗ್ಯಾನಪ್ಪ ಗಡ್ಡ ಬೋಳಿಸಿಕೊಂಡು, ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿರುತ್ತಾನೆ. ವರ್ಷದ ಮೂರು ಕಂತನ್ನು ಹನ್ನೆರಡಾಗಿ ಒಡೆದು ಕೊಡಬೇಕು, ಹಣ ಅಷ್ಟೇ ಇದ್ದರೂ ಅಡ್ಡಿಯಿಲ್ಲ ಎಂದು ಅವನು ಅರ್ಜಿ ಹಾಕಿದ್ದಾನೆ. ಅರ್ಜಿಯ ಕೆಳಗೆ ಯಮನೂರಮ್ಮನ ಹೆಬ್ಬೆಟ್ಟೂ ಇದೆ.